ಗೆರ್ಡ್ ಮುಲ್ಲರ್‌ನ ಊರಿಗೆ: ಮ್ಯೂನಿಕ್‌ನಿಂದ ನೋರ್ಡ್‌ಲಿಂಗನ್‌ವರೆಗೆ

ಜರ್ಮನಿಗೆ ಹೋಗಿ ಬಂದವರ ಫೋನಿನಲ್ಲಿ ಆಲ್ಪ್ಸ್ ಬೆಟ್ಟ, ರಾಜರ ಕೋಟೆ, ಬಿಯರ್ ಮಗ್ ಇರುತ್ತವೆ. ನನ್ನ ಫೋನಿನಲ್ಲಿ ಇರುವುದೆಲ್ಲ ಫುಟ್ಬಾಲ್ ಗೋಲ್ ಕಂಬಗಳೇ. ಹೆಂಡತಿ ಅವನ್ನು ನೋಡಿ, "ಇದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕಿತ್ತು? ಆಸ್ಟಿನ್ ಟೌನ್‌ಗೆ ಹೋಗಿದ್ರೆ ಸಾಕಿತ್ತಲ್ವಾ?" ಅಂದಳು. ಗೋಲ್ ಕಂಬ ನಮ್ಮ ಬೆಂಗಳೂರಿನ ಆಸ್ಟಿನ್ ಟೌನ್ ಮೈದಾನದಲ್ಲೂ ಇವೆ, ಅವಳು ಹೇಳಿದ್ದರಲ್ಲಿ ಸುಳ್ಳೇನಿಲ್ಲ.

ತಮ್ಮ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ನಾನು ಹೋದದ್ದು ಸೆಪ್ಟೆಂಬರ್ ಶುರುವಿನಲ್ಲಿ. ತಿಂಗಳ ನಡುವೆ ಅಕ್ಟೋಬರ್‌ಫೆಸ್ಟ್ ಶುರುವಾಗುತ್ತದೆ, ಆಮೇಲೆ ಅಲ್ಲಿ ರೂಮಿನ ಬಾಡಿಗೆ ಕೇಳುವ ಹಾಗೇ ಇಲ್ಲ. ಹೋಗುವುದಾದರೆ ಅದಕ್ಕೆ ಮೊದಲೇ ಹೋಗಿ ಬನ್ನಿ. ವೀಸಾ, ವಿಮಾನದ ಕಥೆ ಎಲ್ಲರಿಗೂ ಗೊತ್ತಿರುವುದೇ, ಬಿಡಿ. ನನ್ನ ತಲೆಯಲ್ಲಿ ಇದ್ದದ್ದು ಒಬ್ಬ ಫುಟ್ಬಾಲ್ ಆಟಗಾರನ ಹೆಸರು: ಗೆರ್ಡ್ ಮುಲ್ಲರ್.

ಈಗಿನ ಹುಡುಗರಿಗೆ ಮುಲ್ಲರ್ ಅಂದರೆ ಥಾಮಸ್ ಮುಲ್ಲರ್. ನಾನು ಹೇಳುತ್ತಿರುವುದು 1960, 70ರ ದಶಕದ ಕುಳ್ಳ ಸ್ಟ್ರೈಕರ್ ಬಗ್ಗೆ. ಜರ್ಮನಿಯ ಮೊದಲ ದರ್ಜೆಯ ಲೀಗ್ ಆದ ಬುಂಡೆಸ್‌ಲಿಗಾದಲ್ಲಿ 427 ಪಂದ್ಯ, 365 ಗೋಲು. ಅದನ್ನು ಇವತ್ತಿಗೂ ಯಾರೂ ಮುಟ್ಟಿಲ್ಲ. ಪಶ್ಚಿಮ ಜರ್ಮನಿಗೆ ಆಡಿದ್ದು 62 ಪಂದ್ಯ, ಹೊಡೆದದ್ದು 68 ಗೋಲು. ಪಂದ್ಯಕ್ಕಿಂತ ಗೋಲೇ ಜಾಸ್ತಿ! ಆದರೂ ಪೋಸ್ಟರ್ ಮಾಡಿ ಗೋಡೆಗೆ ಅಂಟಿಸಿಕೊಳ್ಳುವಂಥ ಗೋಲು ಅದರಲ್ಲಿ ಕಮ್ಮಿ. ಬಹಳಷ್ಟು ಗೋಲುಗಳು ಆರೇಳು ಗಜದಿಂದ, ಬಿದ್ದು ಎದ್ದು, ಮೊಣಕಾಲಿಗೆ ತಾಗಿಸಿ, ಬೆನ್ನು ತಿರುಗಿಸಿಕೊಂಡೇ ಹೊಡೆದವು. ನನಗೆ ಆತ ಹಿಡಿಸಿದ್ದೇ ಅದಕ್ಕೆ.

ಮೊದಲ ದಿನ: ಒಲಿಂಪಿಯಾಬೆರ್ಗ್

ವಿಮಾನ ಇಳಿದ ಮಧ್ಯಾಹ್ನ ನಿದ್ದೆ ಹೊಡೆದರೆ ರಾತ್ರಿ ಎಚ್ಚರವಿರಬೇಕಾಗುತ್ತದೆ ಅಂತ ತಮ್ಮ ನನ್ನನ್ನು ಸೀದಾ ಒಲಿಂಪಿಕ್ ಪಾರ್ಕಿಗೆ ಎಳೆದುಕೊಂಡು ಹೋದ. ಅಲ್ಲೊಂದು ಗುಡ್ಡ ಇದೆ, ಒಲಿಂಪಿಯಾಬೆರ್ಗ್ ಅಂತ. ಹಸಿರು ಹುಲ್ಲು, ಸೈಕಲ್ ಓಡಿಸುವ ಮಕ್ಕಳು, ನಾಯಿ ಹಿಡಿದು ನಡೆಯುವ ಅಜ್ಜಿಯರು. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಉರುಳಿದ ಮನೆಗಳ ಇಟ್ಟಿಗೆ, ಕಲ್ಲು ತಂದು ಸುರಿದು ಮಾಡಿದ ಗುಡ್ಡ ಅದು. ತಮ್ಮ ಹೇಳುವವರೆಗೆ ನನಗೆ ಅನುಮಾನವೇ ಬರಲಿಲ್ಲ. ಹತ್ತಲು ಕಾಲುಗಂಟೆ ಸಾಕು. ಟಿಕೆಟ್ ಇಲ್ಲ.

ಮೇಲೆ ಗಾಳಿ ಜೋರಾಗಿತ್ತು. ಕೆಳಗೆ ಒಲಿಂಪಿಕ್ ಸ್ಟೇಡಿಯಂ. ಗಾಜಿನ ಹಾಗಿರುವ ಅಕ್ರಿಲಿಕ್ ಹಾಳೆಗಳನ್ನು ತಂತಿಗಳಿಗೆ ತೂಗಿಬಿಟ್ಟ ಆ ಚಾವಣಿ ಟಿವಿಯಲ್ಲಿ ನೋಡಿದ್ದಕ್ಕಿಂತ ದೊಡ್ಡದು. ಒಳಗೆ ಹೋಗುವ ಬದಲು ಅಲ್ಲೇ ಹುಲ್ಲಿನ ಮೇಲೆ ಕೂತೆವು. ದೊಡ್ಡ ಸಂಗೀತ ಕಾರ್ಯಕ್ರಮ ಇದ್ದರೆ ಜನ ಇಲ್ಲೇ ಬಂದು ಕೂತು ಬಿಟ್ಟಿ ಕೇಳುತ್ತಾರಂತೆ.

ಈ ಸ್ಟೇಡಿಯಂ ಶುರುವಾದದ್ದೇ ಮುಲ್ಲರ್‌ನ ಕಾಲಿನಿಂದ. 1972ರ ಮೇ 26ರಂದು ಉದ್ಘಾಟನೆಯ ಪಂದ್ಯ, ಎದುರಾಳಿ ಸೋವಿಯತ್ ಒಕ್ಕೂಟ. ಪಶ್ಚಿಮ ಜರ್ಮನಿ 4-1ರಿಂದ ಗೆದ್ದಿತು. ನಾಲ್ಕಕ್ಕೆ ನಾಲ್ಕೂ ಮುಲ್ಲರ್‌ನದೇ. ಮುಂದಿನ ತಿಂಗಳು ಬ್ರಸೆಲ್ಸ್‌ನಲ್ಲಿ ಯುರೋ ಕಪ್ ಫೈನಲ್‌ನಲ್ಲೂ ಅದೇ ಸೋವಿಯತ್ ತಂಡ ಸಿಕ್ಕಿತು, ಅಲ್ಲಿ ಇನ್ನೆರಡು ಹೊಡೆದ. ಆ ವರ್ಷವಿಡೀ ಕ್ಲಬ್ಬು, ದೇಶ ಎಲ್ಲಾ ಸೇರಿ 85 ಗೋಲು. ಆ ದಾಖಲೆ ಮುರಿಯಲು 2012ರವರೆಗೆ ಕಾಯಬೇಕಾಯಿತು, ಅದೂ ಮೆಸ್ಸಿ ಬರಬೇಕಾಯಿತು.

ಆದರೆ ನಾನು ಆ ಹುಲ್ಲಿನ ಮೇಲೆ ಕೂತು ನೆನಪು ಮಾಡಿಕೊಂಡದ್ದು 1974ರ ಜುಲೈ 7ರ ವಿಶ್ವಕಪ್ ಫೈನಲ್. ಎದುರಿಗೆ ಯೋಹಾನ್ ಕ್ರೈಫ್‌ನ ನೆದರ್ಲೆಂಡ್ಸ್. ಎರಡೂ ಕಡೆ ಪೆನಾಲ್ಟಿಯಿಂದ ಒಂದೊಂದು ಗೋಲು ಆಗಿತ್ತು. 43ನೇ ನಿಮಿಷ. ರೈನರ್ ಬೋನ್‌ಹೋಫ್ ಬಲಗಡೆಯಿಂದ ಚೆಂಡು ಒಳಗೆ ಕೊಟ್ಟ. ಮುಲ್ಲರ್ ಅದನ್ನು ಸರಿಯಾಗಿ ನಿಲ್ಲಿಸಲಿಲ್ಲ, ಚೆಂಡು ಆತನ ಹಿಂದಕ್ಕೆ ಹೋಯಿತು. ಬೇರೆಯವರಾಗಿದ್ದರೆ ಅವಕಾಶ ಅಲ್ಲಿಗೇ ಮುಗಿಯುತ್ತಿತ್ತು. ಈತ ಒಂದು ಹೆಜ್ಜೆ ಹಿಂದೆ ಹಾಕಿ, ನಿಂತಲ್ಲೇ ತಿರುಗಿ, ಬಲಗಾಲಿನಿಂದ ಮೆಲ್ಲಗೆ ತಳ್ಳಿದ. ಚೆಂಡು ಜೋರಾಗಿಯೂ ಹೋಗಲಿಲ್ಲ. ಗೋಲ್‌ಕೀಪರ್ ಯೋಂಗ್‌ಬ್ಲೂಡ್ ಅಲ್ಲಾಡಲಿಲ್ಲ. 2-1. ವಿಶ್ವಕಪ್ ಗೆದ್ದುಕೊಟ್ಟ ಗೋಲು ಅಷ್ಟೇ. ಅದು ದೇಶಕ್ಕಾಗಿ ಆತ ಹೊಡೆದ ಕೊನೆಯ ಗೋಲೂ ಹೌದು. 28ನೇ ವಯಸ್ಸಿಗೇ ದೇಶದ ತಂಡ ಬಿಟ್ಟುಬಿಟ್ಟ.

"ಇಷ್ಟು ಸಣ್ಣ ಗೋಲಾ?" ಅಂದ ತಮ್ಮ, ಫೋನಿನಲ್ಲಿ ವಿಡಿಯೊ ನೋಡಿ. ಅವನು ಕ್ರಿಕೆಟ್ ಪಾರ್ಟಿ, ಏನು ಹೇಳೋದು.

ಎರಡನೇ ದಿನ: ಗೀಸಿಂಗ್

ಶುಕ್ರವಾರ ತಮ್ಮ ಆಫೀಸಿಗೆ ಹೋದ, ನಾನೊಬ್ಬನೇ ಹೊರಟೆ. ಯು1 ಮೆಟ್ರೊ ಹಿಡಿದು ವೆಟ್ಟರ್‌ಸ್ಟೈನ್‌ಪ್ಲಾಟ್ಸ್‌ನಲ್ಲಿ ಇಳಿದರೆ ಗ್ರೂನ್‌ವಾಲ್ಡರ್ ಸ್ಟೇಡಿಯಂ ಪಕ್ಕದಲ್ಲೇ. ಹಳೇ ಕಾಲದ, ಬೀದಿಗೆ ಅಂಟಿಕೊಂಡ ಸ್ಟೇಡಿಯಂ. ಸುತ್ತ ಮನೆಗಳು, ಟ್ರಾಮ್, ಬೇಕರಿ. 1972ರವರೆಗೆ ಮುಲ್ಲರ್‌ನ ಕ್ಲಬ್ ಬಯರ್ನ್ ಮ್ಯೂನಿಕ್ ಆಡುತ್ತಿದ್ದದ್ದು ಇಲ್ಲೇ. ಮುಲ್ಲರ್‌ನ ಮೊದಲ ವರ್ಷಗಳ ಗೋಲುಗಳೆಲ್ಲ ಈ ಹುಲ್ಲಿನ ಮೇಲೆಯೇ.

ಆಗ ಬಯರ್ನ್ ಈಗಿನ ಬಯರ್ನ್ ಅಲ್ಲ. 1964ರಲ್ಲಿ ಮ್ಯೂನಿಕ್‌ನ ದೊಡ್ಡ ಕ್ಲಬ್ ಅಂದರೆ 1860 ಮ್ಯೂನಿಕ್. ಅದು ಬುಂಡೆಸ್‌ಲಿಗಾದಲ್ಲಿತ್ತು, ಬಯರ್ನ್ ಎರಡನೇ ದರ್ಜೆಯಲ್ಲಿ. ನೋರ್ಡ್‌ಲಿಂಗನ್‌ನ ಆ ಹುಡುಗನನ್ನು ಸೇರಿಸಿಕೊಳ್ಳಲು ಎರಡೂ ಕ್ಲಬ್‌ನವರು ಒಂದೇ ದಿನ ಅವನ ಮನೆಗೆ ಹೋದರು, ಬಯರ್ನ್‌ನವರು ಸ್ವಲ್ಪ ಮುಂಚೆ ಮುಟ್ಟಿದರು ಅನ್ನೋ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಬಂದವನನ್ನು ನೋಡಿ ಕೋಚ್ ಚೈಕೋವ್‌ಸ್ಕಿ, ಈ ಭಾರ ಎತ್ತುವವನನ್ನು ಇಟ್ಟುಕೊಂಡು ನಾನೇನು ಮಾಡಲಿ ಅಂದರಂತೆ. "ಸಣ್ಣ ದಪ್ಪ ಮುಲ್ಲರ್" ಅಂತ ಅವರು ಇಟ್ಟ ಹೆಸರು ಹಾಗೇ ನಿಂತಿತು. ಮೊದಲ ಹಲವು ಪಂದ್ಯಗಳಲ್ಲಿ ಆಡಿಸಲೇ ಇಲ್ಲ. ಆಮೇಲೆ ಆಡಿಸಿದಾಗ ಆ ಋತುವಿನಲ್ಲೇ 33 ಗೋಲು ಬಂದವು, ಬಯರ್ನ್ ಬುಂಡೆಸ್‌ಲಿಗಾಕ್ಕೆ ಏರಿತು.

ಸ್ಟೇಡಿಯಂ ಗೇಟು ಮುಚ್ಚಿತ್ತು. ಎದುರಿನ ಬೇಕರಿಯಲ್ಲಿ ಕಾಫಿ, ಬೆಣ್ಣೆ ಹಚ್ಚಿದ ಬ್ರೆಟ್ಸೆಲ್ ತಗೊಂಡೆ. ಕಾರ್ಡ್ ಕೊಟ್ಟರೆ ಬೇಕರಿಯ ಅಮ್ಮ ತಲೆ ಅಲ್ಲಾಡಿಸಿದರು. ನಗದೇ ಬೇಕು. ನಮ್ಮಲ್ಲಿ ಸೊಪ್ಪಿನವರೂ ಕ್ಯೂಆರ್ ಇಟ್ಟಿದ್ದಾರೆ, ಇಲ್ಲಿ ಚಿಲ್ಲರೆ ಇಲ್ಲದೆ ಹೊರಗೆ ಹೋಗಬೇಡಿ. ಪಕ್ಕದ ಟೇಬಲ್ಲಿನಲ್ಲಿ 1860 ಕ್ಲಬ್ಬಿನ ನೀಲಿ ಶಾಲು ಹೊದ್ದ ಹಿರಿಯರೊಬ್ಬರು. ಮುರುಕು ಇಂಗ್ಲಿಷಿನಲ್ಲಿ ಮಾತಿಗಿಳಿದರು. ಮುಲ್ಲರ್ ಅಂದ ಕೂಡಲೇ ನಕ್ಕರು. "ಅವನು ನಮ್ಮವನಾಗಬೇಕಿತ್ತು. ನಮ್ಮವರು ಆವತ್ತು ಊಟ ಮುಗಿಸಿ ಹೊರಟರು ಅಂತ ಕಾಣುತ್ತೆ."

ಅಲ್ಲಿಂದ ಸೇಬೆನರ್ ಬೀದಿಗೆ ನಡೆದೇ ಹೋದೆ. ಬಯರ್ನ್‌ನ ತರಬೇತಿ ಮೈದಾನ, ಕಚೇರಿ ಎಲ್ಲ ಇರುವುದು ಅಲ್ಲಿ. ದಾರಿಯುದ್ದಕ್ಕೂ ಮರಗಳು, ಸಾಲು ಮನೆಗಳು. ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಬೆಳಗ್ಗೆ ಬಿಸಿಲು, ಹನ್ನೊಂದಕ್ಕೆ ಮಳೆ, ಒಂದಕ್ಕೆ ಮತ್ತೆ ಬಿಸಿಲು. ಇಡೀ ವಾರ ಹೀಗೇ. ಆವತ್ತು ತೆರೆದ ತರಬೇತಿ ಇರಲಿಲ್ಲ, ಹಸಿರು ಪರದೆಯ ಆಚೆ ವಿಸಿಲ್ ಸದ್ದು ಮಾತ್ರ ಕೇಳಿತು. ಇಂಥ ದಿನ ಹೋಗಿ ನೋಡುವಂಥದ್ದು ಏನಿಲ್ಲ. ಆದರೂ ಆ ಗೇಟಿನ ಮುಂದೆ ನಾನು ನಿಂತೆ.

ಯಾಕೆಂದರೆ ಮುಲ್ಲರ್‌ನ ಕಥೆಯ ಎರಡನೇ ಅರ್ಧ ಇದೇ ಗೇಟಿನದು. 1979ರಲ್ಲಿ ಒಂದು ಪಂದ್ಯದ ನಡುವೆ ಕೋಚ್ ಹೊರಗೆ ಕರೆದರು ಅನ್ನೋ ಬೇಸರದಲ್ಲಿ ಬಯರ್ನ್ ಬಿಟ್ಟ. ಅಮೆರಿಕದ ಫ್ಲಾರಿಡಾದಲ್ಲಿ ಫೋರ್ಟ್ ಲಾಡರ್‌ಡೇಲ್ ತಂಡಕ್ಕೆ ಆಡಿದ, ಅಲ್ಲೇ ಒಂದು ಹೋಟೆಲಿನ ಪಾಲುದಾರನೂ ಆದ. ಆಟ ನಿಂತ ಮೇಲೆ ಕುಡಿತ ಹಿಡಿಯಿತು. ಊರಿಗೆ ಬಂದ ಮೇಲೂ ಬಿಡಲಿಲ್ಲ. 1990ರ ದಶಕದ ಶುರುವಿನಲ್ಲಿ ಹಳೇ ಜೊತೆಗಾರರಾದ ಉಲಿ ಹೋನೆಸ್, ಬೆಕೆನ್‌ಬಾವರ್ ಅವರೆಲ್ಲ ಮುಂದೆ ನಿಂತು ಚಿಕಿತ್ಸೆಗೆ ಕಳಿಸಿದರು. ಆಮೇಲೆ ಕ್ಲಬ್ಬಿನಲ್ಲೇ ಕೆಲಸ ಕೊಟ್ಟರು. ಎರಡನೇ ತಂಡದ ಹುಡುಗರಿಗೆ ಸಹಾಯಕ ಕೋಚ್. ಫಿಲಿಪ್ ಲಾಮ್, ಷ್ವೈನ್‌ಸ್ಟೈಗರ್, ಥಾಮಸ್ ಮುಲ್ಲರ್ ಎಲ್ಲ ಆ ತಂಡದಿಂದ ಬಂದು ದೊಡ್ಡ ಹೆಸರು ಮಾಡಿದವರೇ. ವಿಶ್ವಕಪ್ ಗೆದ್ದುಕೊಟ್ಟವನು ಹತ್ತೊಂಬತ್ತರ ಹುಡುಗರ ಜೊತೆ ಮಳೆಯಲ್ಲಿ ಚೆಂಡು ಹೆಕ್ಕುತ್ತಾ ವರ್ಷಗಟ್ಟಲೆ ಕಳೆದ. ನನಗೆ 85 ಗೋಲಿಗಿಂತ ಇದು ದೊಡ್ಡದು ಅನ್ನಿಸುತ್ತದೆ. ತಪ್ಪಿರಬಹುದು, ಆದರೆ ಅನ್ನಿಸುತ್ತದೆ.

ಮೂರನೇ ದಿನ: ನೋರ್ಡ್‌ಲಿಂಗನ್

ಶನಿವಾರ ತಮ್ಮನೂ ಜೊತೆಯಾದ. ಬಯರ್ನ್ ಟಿಕೆಟ್ ಅಂತ ಒಂದಿದೆ, ಇಲ್ಲಿ ಬಯರ್ನ್ ಅಂದರೆ ಕ್ಲಬ್ ಅಲ್ಲ, ಬವೇರಿಯಾ ರಾಜ್ಯ. ರಾಜ್ಯದೊಳಗೆ ದಿನವಿಡೀ ಯಾವ ಪ್ಯಾಸೆಂಜರ್ ರೈಲಿನಲ್ಲಾದರೂ ಓಡಾಡಬಹುದು, ಐದು ಜನರವರೆಗೆ ಒಂದೇ ಟಿಕೆಟ್‌ಗೆ ಸೇರಿಸಬಹುದು. ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತರ ನಂತರ ಮಾತ್ರ, ಶನಿವಾರ ಭಾನುವಾರ ಆ ತಂಟೆ ಇಲ್ಲ.

ಡೋನಾವೋರ್ಟ್‌ನಲ್ಲಿ ರೈಲು ಬದಲಿಸಬೇಕು. ನಮ್ಮ ರೈಲು ತಡವಾಗಿ ಮುಟ್ಟಿತು, ಮುಂದಿನದು ನಮ್ಮ ಕಣ್ಣೆದುರೇ ಬಾಲ ತೋರಿಸಿಕೊಂಡು ಹೋಯಿತು. ಜರ್ಮನ್ ರೈಲು ಅಂದರೆ ಗಡಿಯಾರ ಅನ್ನೋರಿಗೆ ಇದನ್ನು ಹೇಳಬೇಕು. ಸುಮ್ನೆ ಪ್ಲಾಟ್‌ಫಾರ್ಮ್‌ನಲ್ಲಿ ಕೂರುವ ಬದಲು ಊರೊಳಗೆ ನಡೆದೆವು. ವೋರ್ನಿಟ್ಸ್ ಅನ್ನೋ ಪುಟ್ಟ ನದಿ ಡ್ಯಾನ್ಯೂಬ್‌ಗೆ ಸೇರುವ ಜಾಗ ಅದು. ದಡದಲ್ಲಿ ಬಾತುಕೋಳಿಗಳು, ಗಾಳ ಹಾಕಿ ಕೂತ ಇಬ್ಬರು ಹುಡುಗರು. ಬೇಕರಿಯಲ್ಲಿ ಪ್ಲಮ್ ಹಣ್ಣು ಹಾಸಿ ಸುಟ್ಟ ಕೇಕು ಸಿಕ್ಕಿತು, ಹುಳಿ ಸಿಹಿ ಸರಿಸಮ. ಸೆಪ್ಟೆಂಬರ್ ಅದರ ಕಾಲ. ರೈಲು ತಪ್ಪಿದ್ದು ಒಳ್ಳೇದೇ ಆಯಿತು.

ಡೋನಾವೋರ್ಟ್ ಬಿಟ್ಟ ಮೇಲೆ ರೈಲು ಗುಡ್ಡಗಳ ನಡುವೆ ಹೋಗಿ, ಇದ್ದಕ್ಕಿದ್ದಂತೆ ಒಂದು ದೊಡ್ಡ ಬಯಲಿಗೆ ಬರುತ್ತದೆ. ಜೋಳದ ಹೊಲ, ಅಲ್ಲಲ್ಲಿ ಹಳ್ಳಿ, ದೂರದಲ್ಲಿ ಒಂಟಿ ಗೋಪುರ. ಆ ಬಯಲು ಬಯಲಲ್ಲ. ಸುಮಾರು 1.5 ಕೋಟಿ ವರ್ಷದ ಹಿಂದೆ ಆಕಾಶದಿಂದ ಬಿದ್ದ ಬಂಡೆಯೊಂದು ಮಾಡಿದ ಕುಳಿ, ರೀಸ್ ಅಂತ ಹೆಸರು. ಅಡ್ಡಳತೆ ಸುಮಾರು 25 ಕಿಲೋಮೀಟರ್. ನಮ್ಮ ಮಹಾರಾಷ್ಟ್ರದ ಲೋಣಾರ್ ಎರಡು ಕಿಲೋಮೀಟರ್‌ಗೂ ಕಮ್ಮಿ ಅಂದರೆ ಲೆಕ್ಕ ಹಾಕಿ.

ನೋರ್ಡ್‌ಲಿಂಗನ್ ಸುತ್ತ 14ನೇ ಶತಮಾನದ ಕೋಟೆಗೋಡೆ ಒಂದು ಕಡೆಯೂ ತುಂಡಾಗದೆ ಉಳಿದಿದೆ. ಐದು ಬಾಗಿಲು, ಗೋಡೆಯ ಮೇಲೆ 2.7 ಕಿಲೋಮೀಟರ್ ಕಾಲುದಾರಿ, ಮೇಲೆ ಹೆಂಚಿನ ಮಾಡು. ಬಿಟ್ಟಿಯಾಗಿ ಇಡೀ ಊರನ್ನು ಸುತ್ತಬಹುದು. ಮಳೆ ಬಂದರೂ ತೊಂದರೆ ಇಲ್ಲ, ನಮಗೆ ಬಂತು ಕೂಡ. ಮರದ ಹಲಗೆ ಕಾಲ ಕೆಳಗೆ ಕಿರ್ ಅನ್ನುತ್ತದೆ. ಒಂದು ಕಡೆ ಹೊರಗಿನ ತೋಟಗಳು ಕಿಂಡಿಯಲ್ಲಿ ಕಾಣುತ್ತವೆ. ಇನ್ನೊಂದು ಕಡೆ ಜನರ ಹಿತ್ತಿಲು, ಒಣಗಲು ಹಾಕಿದ ಬಟ್ಟೆ, ಟೊಮೆಟೊ ಗಿಡ. ಮಳೆ ಶುರುವಾದಾಗ ಒಬ್ಬಾಕೆ ಓಡಿಬಂದು ಬಟ್ಟೆ ತೆಗೆಯುತ್ತಾ ನಮ್ಮತ್ತ ಕೈ ಬೀಸಿದರು.

ಮಧ್ಯದಲ್ಲಿ ಸೇಂಟ್ ಜಾರ್ಜ್ ಚರ್ಚು. ಅದರ 90 ಮೀಟರ್ ಗೋಪುರಕ್ಕೆ ಡ್ಯಾನಿಯಲ್ ಅಂತ ಹೆಸರು. 350 ಮೆಟ್ಟಿಲು. ಮೊದಲು ಕಲ್ಲಿನವು, ಆಮೇಲೆ ಕಡಿದಾದ ಮರದವು. ಮೊಣಕಾಲು ನೋವಿನವರು ಎರಡು ಸಲ ಯೋಚನೆ ಮಾಡಿ. ನಾನು ಮೂರು ಕಡೆ ನಿಂತೆ, ತಮ್ಮ ಪ್ರತಿ ಸಲವೂ ವಾಚು ನೋಡಿದ. ಮೇಲಿಂದ ಊರು ಹಂಚಿನ ಮೇಲೆ ತಟ್ಟಿ ಹಾಕಿದ ರೊಟ್ಟಿಯ ಹಾಗೆ ದುಂಡಗೆ ಕಂಡಿತು, ಕೆಂಪು ಹೆಂಚಿನ ರೊಟ್ಟಿ. ಈ ಗೋಡೆಯೇ ಕುಳಿಯ ಅಂಚು ಅಂತ ಇಂಟರ್ನೆಟ್‌ನಲ್ಲಿ ಬಹಳ ಜನ ಹಾಕುತ್ತಾರೆ. ಅಲ್ಲ. ನಿಜವಾದ ಅಂಚು ಅಂದರೆ ಬಹಳ ದೂರದಲ್ಲಿ, ಸುತ್ತಲೂ ನೀಲಿಯಾಗಿ ಕಾಣುವ ಗುಡ್ಡದ ಸಾಲು.

ಈ ಊರಿನಲ್ಲಿ 1945ರ ನವೆಂಬರ್ 3ರಂದು ಗೆರ್ಡ್ ಮುಲ್ಲರ್ ಹುಟ್ಟಿದ. ಯುದ್ಧ ಮುಗಿದು ಆರು ತಿಂಗಳಾಗಿತ್ತು. ಶಾಲೆ ಬೇಗ ಬಿಟ್ಟು ನೇಯ್ಗೆ ಕೆಲಸ ಕಲಿಯಲು ಸೇರಿದ. ಸಂಜೆ ಫುಟ್ಬಾಲ್. ಟಿಎಸ್‌ವಿ 1861 ನೋರ್ಡ್‌ಲಿಂಗನ್ ಕ್ಲಬ್ಬಿನ ಕಿರಿಯರ ತಂಡ ಒಂದು ಋತುವಿನಲ್ಲಿ ಹೊಡೆದ 204 ಗೋಲಿನಲ್ಲಿ 180 ಈ ಹುಡುಗನದು ಅಂತ ಹೇಳುತ್ತಾರೆ. ಎದುರಾಳಿ ತಂಡದ ಗೋಲ್‌ಕೀಪರ್‌ಗಳ ಗತಿ ಏನಾಗಿರಬೇಕು, ಅಲ್ವಾ?

ರಾತ್ರಿ ಗೋಡೆಯ ಒಳಗೇ ಒಂದು ಸಣ್ಣ ಛತ್ರದಂಥ ಹೋಟೆಲಿನಲ್ಲಿ ಉಳಿದೆವು. ಊಟಕ್ಕೆ ಕೇಸೆಶ್ಪೆಟ್ಸ್‌ಲೆ. ಹಿಟ್ಟಿನ ಸಣ್ಣ ಉಂಡೆಗಳಿಗೆ ಚೀಸ್ ಕರಗಿಸಿ, ಮೇಲೆ ಹುರಿದ ಈರುಳ್ಳಿ. ಸಸ್ಯಾಹಾರಿಗಳು ಈ ಕಡೆ ಬಂದರೆ ಈ ಹೆಸರು ಬಾಯಿಪಾಠ ಮಾಡಿಕೊಳ್ಳಿ. ಒಂದು ಪ್ಲೇಟು ಇಬ್ಬರಿಗೆ ಸಾಕು. ನಾವು ಎರಡು ಹೇಳಿ ಕೂತಿದ್ದೆವು. ಜೊತೆಗೆ ಬ್ಯಾಗಿನಲ್ಲಿದ್ದ ಉಪ್ಪಿನಕಾಯಿ ಪೊಟ್ಟಣ ಮೆಲ್ಲಗೆ ಹೊರಗೆ ಬಂತು. ಬಡಿಸುವ ಹುಡುಗಿ ಮೂಸಿ ನೋಡಿ, ಒಂದು ಚೂರು ಕೇಳಿದಳು. ಆಮೇಲೆ ಎರಡು ಲೋಟ ನೀರು ಕುಡಿದಳು.

ಹತ್ತು ಗಂಟೆಗೆ ಹೊರಗೆ ಬಂದು ನಿಂತೆವು. ಗೋಪುರದ ಕಾವಲುಗಾರ ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಅರ್ಧ ಗಂಟೆಗೊಮ್ಮೆ ಮೇಲಿಂದ "ಸೋ ಗ್ಸೆಲ್ ಸೋ" ಅಂತ ಕೂಗುತ್ತಾನೆ. ಶತಮಾನಗಳಿಂದ ನಡೆದು ಬಂದಿದೆ. 1440ರಲ್ಲಿ ಕಾವಲಿನವರು ಲಂಚ ತಿಂದು ಕೋಟೆ ಬಾಗಿಲಿಗೆ ಚಿಲಕ ಹಾಕಿರಲಿಲ್ಲವಂತೆ. ಹಂದಿಯೊಂದು ಬಂದು ಬಾಗಿಲಿಗೆ ಮೈ ಉಜ್ಜಿದಾಗ ಅದು ತೆರೆದುಕೊಂಡಿತು, ದಾರಿಯಲ್ಲಿ ಹೋಗುತ್ತಿದ್ದ ನೇಕಾರನ ಹೆಂಡತಿ ನೋಡಿ ಇದೇ ಮಾತು ಕೂಗಿ ಊರು ಉಳಿಸಿದಳು ಅನ್ನೋದು ಕಥೆ. ಕತ್ತಲಲ್ಲಿ ಮೇಲಿಂದ ಬಂದ ದನಿ ನಾನು ಅಂದುಕೊಂಡದ್ದಕ್ಕಿಂತ ಸಣ್ಣದು, ಆದರೆ ಸ್ಪಷ್ಟ. ಕೆಳಗೆ ನಿಂತಿದ್ದ ಹುಡುಗರ ಗುಂಪೊಂದು ಅದನ್ನೇ ವಾಪಸ್ ಕೂಗಿತು.

ನಾಲ್ಕನೇ ದಿನ: ಸ್ಟೇಡಿಯಂ ಮತ್ತು ಚಂದ್ರನ ಕಲ್ಲು

ಭಾನುವಾರ ಅಂಗಡಿಗಳೆಲ್ಲ ಬಂದ್. ನೀರು, ಹಣ್ಣು ಶನಿವಾರವೇ ತೆಗೆದಿಟ್ಟುಕೊಳ್ಳಬೇಕು. ಬೆಳಗ್ಗೆ ಗೋಡೆಯಿಂದ ಆಚೆ ನಡೆದು ಗೆರ್ಡ್ ಮುಲ್ಲರ್ ಸ್ಟೇಡಿಯಂಗೆ ಹೋದೆವು. 2008ರಲ್ಲಿ ಈ ಹೆಸರು ಇಟ್ಟರು, ಆತ ಬದುಕಿದ್ದಾಗಲೇ. ನಮ್ಮ ತಾಲ್ಲೂಕು ಕ್ರೀಡಾಂಗಣಕ್ಕಿಂತ ಚೆನ್ನಾಗಿದೆ ಅನ್ನೋದು ಬಿಟ್ಟರೆ ದೊಡ್ಡಸ್ತಿಕೆ ಏನಿಲ್ಲ. ಪಕ್ಕದ ಹುಲ್ಲಿನ ಮೇಲೆ ಚಿಕ್ಕ ಮಕ್ಕಳು ಆಡುತ್ತಿದ್ದರು. ಬೇಲಿಗೆ ಒರಗಿ ಒಬ್ಬ ಅಜ್ಜ, ಮೊಮ್ಮಗನ ನೀರಿನ ಬಾಟ್ಲಿ ಹಿಡಿದುಕೊಂಡು.

ತಮ್ಮನ ಜರ್ಮನ್ ಕೆಲಸಕ್ಕೆ ಬಂತು. ಭಾರತದಿಂದ ಮುಲ್ಲರ್‌ಗಾಗಿ ಬಂದಿದ್ದೀರಾ ಅಂತ ಅಜ್ಜನಿಗೆ ನಂಬಿಕೆಯೇ ಇಲ್ಲ. ದಾಖಲೆಗಳೆಲ್ಲ ಒಂದೊಂದಾಗಿ ಹೋದವಲ್ಲ ಅಂತ ನಾನೇ ತೆಗೆದೆ. ವಿಶ್ವಕಪ್‌ನ 14 ಗೋಲು 2006ರಲ್ಲಿ ಬ್ರೆಜಿಲ್‌ನ ರೊನಾಲ್ಡೊ ದಾಟಿದ. ದೇಶಕ್ಕೆ ಹೊಡೆದ 68 ಅನ್ನು 2014ರಲ್ಲಿ ಜರ್ಮನಿಯವನೇ ಆದ ಕ್ಲೋಸ ದಾಟಿದ, ಅದಕ್ಕೆ ಆತನಿಗೆ ಎರಡು ಪಟ್ಟು ಪಂದ್ಯ ಬೇಕಾದವು. ಬುಂಡೆಸ್‌ಲಿಗಾದ ಒಂದೇ ಋತುವಿನಲ್ಲಿ, 1971-72ರಲ್ಲಿ, ಹೊಡೆದ 40 ಗೋಲಿನ ದಾಖಲೆ 49 ವರ್ಷ ನಿಂತಿತ್ತು. 2021ರ ಮೇನಲ್ಲಿ ಬಯರ್ನ್‌ನ ಸ್ಟ್ರೈಕರ್ ಲೆವಾಂಡೊವ್‌ಸ್ಕಿ 40 ಮುಟ್ಟಿದಾಗ ಜೆರ್ಸಿ ಎತ್ತಿ ಒಳಗಿನ ಬನಿಯನ್ ಮೇಲೆ ಗೆರ್ಡ್‌ನ ಚಿತ್ರ ತೋರಿಸಿದ. ಮುಂದಿನ ವಾರ ಕೊನೇ ಪಂದ್ಯದ ಕೊನೇ ನಿಮಿಷದಲ್ಲಿ 41 ಆಯಿತು. ಮುಲ್ಲರ್‌ಗೆ ಅಷ್ಟು ಹೊತ್ತಿಗೆ ಮರೆವಿನ ಕಾಯಿಲೆ ತೀರಾ ಜೋರಾಗಿತ್ತು. ಅದೇ ವರ್ಷದ ಆಗಸ್ಟ್ 15ರಂದು ತೀರಿಕೊಂಡ.

ಅಜ್ಜ ಎಲ್ಲ ಕೇಳಿಸಿಕೊಂಡು, "365?" ಅಂತ ಒಂದೇ ಪ್ರಶ್ನೆ ಹಾಕಿದರು. ಇನ್ನೂ ಇದೆ ಅಂದೆ. "ಹಾಗಾದರೆ ಸರಿ." ಆಮೇಲೆ ಆಟದತ್ತ ಕೈ ತೋರಿಸಿದರು. ಅವರ ಮೊಮ್ಮಗ ದೂರದಿಂದ ಜೋರಾಗಿ ಹೊಡೆದು ಚೆಂಡನ್ನು ಬೇಲಿಯಾಚೆ ಕಳಿಸಿದ್ದ. ಅಜ್ಜನಿಗೆ ರೇಗಿತು. "ನೋಡಿ, ಈಗ ಎಲ್ಲರಿಗೂ ದೂರದಿಂದಲೇ ಹೊಡೀಬೇಕು. ಹತ್ತಿರ ಹೋಗಿ ಪೆಟ್ಟು ತಿನ್ನೋಕೆ ಯಾರಿಗೂ ಬೇಡ." ಚೆಂಡು ನನ್ನ ಕಾಲ ಬಳಿ ಬಿದ್ದಿತ್ತು. ವಾಪಸ್ ಒದ್ದೆ. ಅದು ಇನ್ನೂ ದೂರ ಹೋಯಿತು.

ಯೋಚನೆ ಮಾಡಿದರೆ ಹೊತ್ತು ಮೀರಿತು ಅಂತ ಮುಲ್ಲರ್ ಹೇಳುತ್ತಿದ್ದ. ಪೆನಾಲ್ಟಿ ಪೆಟ್ಟಿಗೆಯೊಳಗೆ ಸುತ್ತ ಮೂರು ಜನ ನಿಂತಿರುವಾಗ ಆ ಮಾತಿಗೆ ಅರ್ಥ ಇದೆ. ಕುಳ್ಳ ಮೈ, ದಪ್ಪ ತೊಡೆ, ನೆಲಕ್ಕೆ ಹತ್ತಿರ. ತಳ್ಳಿದರೆ ಬೀಳುತ್ತಿರಲಿಲ್ಲ, ಎತ್ತರದವರು ತಿರುಗುವಷ್ಟರಲ್ಲಿ ಈತ ತಿರುಗಿ ಆಗಿರುತ್ತಿತ್ತು. ಚೈಕೋವ್‌ಸ್ಕಿ ಯಾವುದನ್ನು ನೋಡಿ ನಕ್ಕರೋ ಅದರಿಂದಲೇ ಗೋಲುಗಳು ಬಂದವು.

ಮಧ್ಯಾಹ್ನ ರೀಸ್ ಕುಳಿ ಮ್ಯೂಸಿಯಂ. ಸೋಮವಾರ ರಜೆ, ನೆನಪಿಡಿ. 1960ರವರೆಗೆ ಇದು ಜ್ವಾಲಾಮುಖಿ ಅಂತಲೇ ಬಹಳ ಜನ ನಂಬಿದ್ದರು. ಯೂಜೀನ್ ಶೂಮೇಕರ್ ಅನ್ನೋ ಅಮೆರಿಕದ ವಿಜ್ಞಾನಿ ಇಲ್ಲಿನ ಕಲ್ಲಿನಲ್ಲಿ ಭಾರಿ ಒತ್ತಡದಿಂದ ಮಾತ್ರ ಆಗುವ ಖನಿಜ ಇದೆ ಅಂತ ತೋರಿಸಿದ ಮೇಲೆ ವಾದ ಮುಗಿಯಿತು. 1970ರಲ್ಲಿ ಅಪೊಲೊ ಗಗನಯಾತ್ರಿಗಳು ಚಂದ್ರನ ಮೇಲೆ ಯಾವ ಕಲ್ಲು ಹೆಕ್ಕಬೇಕು ಅಂತ ಕಲಿಯಲು ಇಲ್ಲಿಗೇ ಬಂದಿದ್ದರು. ಅಪೊಲೊ 16ರ ಒಂದು ಚಂದ್ರಶಿಲೆ ಗಾಜಿನೊಳಗೆ ಇದೆ. ಚರ್ಚು ಕಟ್ಟಿದ್ದೂ ಕುಳಿಯ ಕಲ್ಲಿನಿಂದಲೇ, ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ವಜ್ರದ ಕಣಗಳಿವೆ. ತಮ್ಮ ಚರ್ಚಿನ ಗೋಡೆ ಉಜ್ಜಿ ನೋಡಿದ. ಮಸಿ ಬಂತು.

ಹೊರಡುವ ಮೊದಲು ರೀಸ್ ಕಡೆಯ ಬೌವರ್ನ್‌ಟೋರ್ಟೆ ತಿಂದೆವು. ತೆಳು ಹಿಟ್ಟಿನ ನಡುವೆ ಸೇಬಿನ ಹೂರಣ. ಹಬ್ಬದ ಹೋಳಿಗೆ ತಿಂದು ಬೆಳೆದವರಿಗೆ ಸಿಹಿ ಕಮ್ಮಿ ಅನ್ನಿಸುತ್ತದೆ, ಆದರೂ ಇನ್ನೊಂದು ತುಂಡು ಹೇಳಿದೆ.

ಕೊನೆಯ ದಿನ: ಫ್ರೋಟ್‌ಮಾನಿಂಗ್

ಯು6 ಹಿಡಿದು ಫ್ರೋಟ್‌ಮಾನಿಂಗ್. ಅಲ್ಲಿಂದ ಬಯರ್ನ್‌ನ ಈಗಿನ ಸ್ಟೇಡಿಯಂ ಅಲಿಯಾಂಜ್ ಅರೇನಾಗೆ ಬಿಸಿಲಲ್ಲಿ ಉದ್ದಕ್ಕೆ ನಡಿಗೆ. ಪಂದ್ಯ ಇಲ್ಲದ ದಿನ ಖಾಲಿ ಖಾಲಿ. 2023ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಮುಲ್ಲರ್‌ನ ಕಂಚಿನ ಪ್ರತಿಮೆ ನಿಲ್ಲಿಸಿದರು, ಶಿಲ್ಪಿ ಕಾರೆಲ್ ಫ್ರೋನ್. ಈತನ ಗೋಲುಗಳು ಇಲ್ಲದಿದ್ದರೆ ನಾವು ಇವತ್ತಿಗೂ ಸೇಬೆನರ್ ಬೀದಿಯ ಮರದ ಗುಡಿಸಿಲಲ್ಲೇ ಇರುತ್ತಿದ್ದೆವು ಅಂತ ಬೆಕೆನ್‌ಬಾವರ್ ಹೇಳಿದ್ದು ಈ ಹೊಳೆಯುವ ಕಟ್ಟಡದ ಮುಂದೆ ಚೆನ್ನಾಗಿ ಅರ್ಥವಾಗುತ್ತದೆ.

ಪ್ರತಿಮೆಯ ಬಳಿ ಆರೇಳು ವರ್ಷದ ಹುಡುಗನೊಬ್ಬ ಅಪ್ಪನ ಜೊತೆ ಜಗಳಕ್ಕೆ ನಿಂತಿದ್ದ. ಇದು ಮುಲ್ಲರ್ ಅಲ್ಲವೇ ಅಲ್ಲ, ಮುಲ್ಲರ್ ಉದ್ದ ಇದ್ದಾನೆ, ಸಣ್ಣ ಇದ್ದಾನೆ ಅಂತ. ಅಪ್ಪ ಫೋನ್ ತೆಗೆದು ಹಳೇ ವಿಡಿಯೊ ಹಾಕಿದ. ಹುಡುಗ ಒಂದು ನಿಮಿಷ ನೋಡಿ, "ಇವನು ಬಿದ್ದುಕೊಂಡೇ ಗೋಲು ಹಾಕ್ತಾನೆ" ಅಂತ ನಕ್ಕ. ಮತ್ತೆ ಹಾಕಲು ಹೇಳಿದ.

ಅಪ್ಪ ನಮ್ಮ ಕಡೆ ತಿರುಗಿ, ನಿಮ್ಮ ಊರಲ್ಲಿ ಫುಟ್ಬಾಲ್ ನೋಡುತ್ತಾರಾ ಅಂತ ಕೇಳಿದ. ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ ಅಂದೆ. ನಂಬಲಿಲ್ಲ. ಅಲ್ಲೇ ಹುಡುಕಿ ಫೋಟೊ ತೋರಿಸಬೇಕಾಯಿತು. ದೊಡ್ಡದು ಮಾಡಿ ನೋಡಿದ, ಹುಡುಗನಿಗೂ ತೋರಿಸಿದ.

"ಮುಲ್ಲರ್‌ದು ಇದೆಯಾ?"

"ಇಲ್ಲ."

"ಪೆಲೆಯ ಪಕ್ಕದಲ್ಲಿ ಜಾಗ ಇದ್ದ ಹಾಗಿದೆ," ಅಂದ.